ನೇಪಾಳದ ನಂಬರು

ನಿಮ್ಮ ತಾತ ಒಮ್ಮೆ ಒಂದು ರಾತ್ರಿ, ಅರ್ಧ ಹಗಲು ಬದುಕಿದ್ದಾರೋ ಇಲ್ಲವೋ ಗೊತ್ತಾಗದೆ ಹೋಗಿತ್ತು. ಮನೆಯಲ್ಲಿ ಈಗ ಅದು ನಗುವ ಕಥೆಯಾಗಿದೆ. ಹಬ್ಬಕ್ಕೆ ಸೇರಿದಾಗ ನಿಮ್ಮ ದೊಡ್ಡವರು ಅದನ್ನು ಹೇಳಿ ನಗುತ್ತಾರೆ, ನಾನು ಎದ್ದು ಒಳಗೆ ಹೋಗುತ್ತೇನೆ. ನಿಮಗೆ ಕಥೆಯ ಆ ಕೊನೆ ಮಾತ್ರ ಗೊತ್ತು. ಮೊದಲಿನದನ್ನು ಎದುರು ಕೂತು ಹೇಳಲು ನನಗೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿರಬೇಕು. ನಮ್ಮ ಮಠದ ಭಕ್ತರು ಒಂದು ಬಸ್ಸು ಮಾಡಿಕೊಂಡು ಶ್ರಾವಣದಲ್ಲಿ ಕಾಶಿಗೆ, ಅಲ್ಲಿಂದ ನೇಪಾಳದ ಪಶುಪತಿನಾಥನ ದರ್ಶನಕ್ಕೆ ಹೊರಟರು. ತಾತನೂ ಪಾತ್ರೆ ಅಂಗಡಿಗೆ ಬೀಗ ಹಾಕಿ ಹೊರಟರು. ಅತ್ತೆ, ಅಂದರೆ ತಾತನ ತಾಯಿ, ಸೊಂಟ ಮುರಿದುಕೊಂಡು ಮಲಗಿದ್ದರು. ಅವರ ಮಂಚವನ್ನು ನಡುಮನೆಯಲ್ಲಿ ಫೋನಿನ ಪಕ್ಕಕ್ಕೇ ಹಾಕಿದ್ದೆವು. ಹಾಗಾಗಿ ನಾನು ಮೈಸೂರಿನ ಸಿದ್ಧಾರ್ಥನಗರದ ಮನೆಯಲ್ಲೇ ಉಳಿದೆ.

ತಾತನ ಹತ್ತಿರ ಒಂದು ಮೊಬೈಲಿತ್ತು. ಲಂಡನ್ನಿನಲ್ಲಿ ಹೋಟೆಲಿನ ಅಡುಗೆ ಕೆಲಸಕ್ಕಿದ್ದ ನನ್ನ ಮೈದುನ ಬಳಸಿ ಬಿಟ್ಟಿದ್ದು. ಅಲ್ಲಿಯ ಕಂಪನಿಯ ಸಿಮ್ಮನ್ನಲ್ಲದೆ ಬೇರೆಯದನ್ನು ಹಾಕಿದರೆ ಕೆಲಸ ಮಾಡದಂತೆ ಅದಕ್ಕೆ ಲಾಕು ಇತ್ತಂತೆ. ತಾತ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಆ ಲಾಕು ತೆಗೆಸಿಕೊಂಡು ಬಂದರು. "ಇನ್ಮೇಲೆ ಇದಕ್ಕೆ ಯಾವ ದೇಶದ ಸಿಮ್ ಬೇಕಾದ್ರೂ ಹಾಕ್ಬೋದು ಕಣೇ" ಎಂದು ಫೋನನ್ನು ಪಂಚೆಯ ಅಂಚಿನಲ್ಲಿ ಒರೆಸಿ ನನಗೆ ತೋರಿಸಿದರು. ನಾನು ಮುಟ್ಟಲಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು, ಮನೆಯ ಫೋನೆತ್ತಿ ಹಲೋ ಅನ್ನುವುದಕ್ಕೇ ನಾಚುತ್ತಿದ್ದೆ.

ಕಠ್ಮಂಡುವಿನಿಂದ ಅವರು ಫೋನು ಮಾಡಿದರು.

"ಬರ್ಕೊಳೇ ನಂಬರ್ನ. ಗಡಿ ದಾಟಿದ್ದೇ ಎಲ್ಲರ ಸಿಮ್ಮೂ ಸತ್ತೋದ್ವು. ನಾನು ಇಲ್ಲಿ ಫೋಟೋ ಕೊಟ್ಟು, ವೋಟರ್ ಕಾರ್ಡ್ ತೋರ್ಸಿ, ಇಲ್ಲಿದೇ ಸಿಮ್ ತಗೊಂಡೆ. ಅಂಗಡಿಯೋನೇ ಹಾಕಿ ಆನ್ ಮಾಡ್ಕೊಟ್ಟ. ಇಡೀ ಬಸ್ಸಿಗೆ ನಂದೊಂದೇ ಫೋನು ಈಗ. ನನ್ ಹಿಂದೆ ಕ್ಯೂ ನಿಂತವ್ರೆ!"

"ಊಟ ಆಯ್ತಾ?"

"ಆಯ್ತು. ನಾಳೆ ಪೋಖರಾಕ್ಕೆ ಹೊರಡ್ತೀವಿ. ಫೋನ್ ಆನ್ ಇರುತ್ತೆ, ಹೆದರ್ಕೋಬೇಡ."

ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದೆ. ಬಸ್ಸಿನವರೆಲ್ಲ ಅದೇ ಫೋನಿನಿಂದ ತಮ್ಮ ತಮ್ಮ ಮನೆಗೆ ಮಾತಾಡಿದರು. ಹಾಗೆ ಅದು ನಮ್ಮ ಒಂದು ಮನೆಯ ನಂಬರಾಗಿ ಉಳಿಯಲಿಲ್ಲ.

ಮರುದಿನ ಸಂಜೆ ಟಿವಿಯಲ್ಲಿ ಬಂತು. ನೇಪಾಳದಲ್ಲಿ ಗುಡ್ಡ ಕುಸಿದಿದೆ, ಪೋಖರಾ ದಾರಿಯಲ್ಲಿ ಭಾರತದ ಯಾತ್ರಿಕರ ಬಸ್ಸೊಂದು ನದಿಗೆ ಬಿದ್ದಿದೆ. ಯಾವ ಊರಿನ ಬಸ್ಸೆಂದು ಹೇಳಲಿಲ್ಲ. ಕೆಸರು ನೀರು, ಹಗ್ಗ ಹಿಡಿದ ಸಿಪಾಯಿಗಳು, ಮತ್ತೆ ಅದೇ ಕೆಸರು ನೀರು. ಅತ್ತೆ ಮಲಗಿದಲ್ಲಿಂದಲೇ, "ಅದು ನಮ್ಮ ಬಸ್ಸಲ್ಲ, ನಮ್ಮದು ಬಿಳೀದು" ಅಂದರು. ನೀರಿನಲ್ಲಿ ಕಾಣುತ್ತಿದ್ದದ್ದು ಎರಡು ಚಕ್ರ ಮಾತ್ರ. ಬಣ್ಣ ಎಲ್ಲಿ ಕಾಣಬೇಕು?

ನಮ್ಮ ಫೋನಿನಿಂದ ಹೊರದೇಶಕ್ಕೆ ಕರೆ ಹೋಗುತ್ತಿರಲಿಲ್ಲ. ಕ್ಯಾಲೆಂಡರಿನ ಹಾಳೆಯನ್ನೇ ಹರಿದುಕೊಂಡು ಮೂಲೆಯ ಎಸ್‌ಟಿಡಿ ಬೂತಿಗೆ ಓಡಿದೆ. ಅದನ್ನು ನಡೆಸುತ್ತಿದ್ದವರು ಒಬ್ಬ ಕ್ರಿಶ್ಚಿಯನ್ ಹೆಂಗಸು, ನನಗಿಂತ ಚಿಕ್ಕವರು. ಅಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದರೂ ನಾನು ಅವರ ಮುಖ ನೋಡಿ ಮಾತಾಡಿದ್ದಿಲ್ಲ. ಅವರೇ ನಂಬರು ಒತ್ತಿ ರಿಸೀವರನ್ನು ನನ್ನ ಕೈಗೆ ಕೊಟ್ಟರು.

ಆ ಕಡೆ ಒಬ್ಬ ಹೆಂಗಸು ಮಾತಾಡಿದಳು. ಬಹಳ ಮೆಲ್ಲಗೆ, ಸಮಾಧಾನ ಹೇಳುವವರ ಹಾಗೆ. ಭಾಷೆ ತಿಳಿಯಲಿಲ್ಲ. ತಾತನ ಫೋನು ಯಾರೋ ಹೆಂಗಸಿನ ಕೈಗೆ ಹೋಗಿದೆ ಎಂದರೆ ಅದು ಆಸ್ಪತ್ರೆಯೇ ಇರಬೇಕು, ಈಕೆ ನರ್ಸೇ ಇರಬೇಕು ಎಂದುಕೊಂಡೆ.

"ಅಮ್ಮಾ, ನಾನು ಮೈಸೂರಿಂದ. ಅದು ನಮ್ಮೋರ ಫೋನು. ಅವ್ರು ಉಸಿರಾಡ್ತಾವ್ರಾ? ಅಷ್ಟು ಹೇಳಿ ಸಾಕು."

ಆಕೆ ಅದನ್ನೇ ಮತ್ತೆ ಮೆಲ್ಲಗೆ ಹೇಳಿದಳು. ನಾನು ಅಳುತ್ತಾ ಕೇಳುತ್ತಲೇ ಇದ್ದೆ. ಬೂತಿನವರು ರಿಸೀವರು ತೆಗೆದುಕೊಂಡು ಕಿವಿಗಿಟ್ಟು ಕೆಳಗಿಟ್ಟರು.

"ಅದು ಮನುಷ್ಯರಲ್ಲ ಕಣಕ್ಕ, ಮೆಷಿನ್ನು. ಫೋನ್ ಆಫ್ ಆಗೈತೆ ಅಂತ ಇಂಗ್ಲಿಷ್‌ನಲ್ಲೂ ಹೇಳ್ತೈತೆ, ಅಷ್ಟೇ."

"ಆಫ್ ಆಗಲ್ಲ. ಆನ್ ಇರುತ್ತೆ ಅಂತ ಅವ್ರೇ ಹೇಳವ್ರೆ."

ಅವರು ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು.

ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿಗಳು. ಬಸ್ಸಿನಲ್ಲಿ ಹೋದವರ ಮನೆಯವರೆಲ್ಲ ಟಿವಿ ನೋಡಿ ನಮ್ಮಲ್ಲಿಗೆ ಬಂದಿದ್ದರು. ಇದ್ದದ್ದು ಒಂದೇ ನಂಬರು, ಅದು ನಮ್ಮವರದ್ದು, ಹಾಗಾಗಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಜನ ಬಂದರೆ ಬಾಗಿಲ ಹಿಂದೆ ನಿಂತು ಕಾಫಿ ಲೋಟ ಮುಂದಕ್ಕೆ ನೀಡುತ್ತಿದ್ದವಳು ನಾನು. ಪಕ್ಕದ ಹಿನಕಲ್‌ನಿಂದ ಬಂದ ಒಬ್ಬಳ ತಾಯಿ ಆ ಬಸ್ಸಿನಲ್ಲಿದ್ದರು. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ಅಣ್ಣೋರು ಸಿಕ್ಕುದ್ರಾ?"

"ಫೋನು ಆಫ್ ಆಗಿದೆಯಂತೆ."

"ಎಂಗೆ ಆಫ್ ಆಯ್ತದೆ? ಎಲ್ರ ಫೋನೂ ಅದೇ ತಾನೆ?"

ಅದನ್ನೇ ನಾನೂ ಬೂತಿನಲ್ಲಿ ಹೇಳಿ ಬಂದಿದ್ದೆ.

ಅಷ್ಟರಲ್ಲಿ ಶಿವಮೊಗ್ಗದಿಂದ ಮಗಳ ಫೋನು ಬಂತು. ನಿಮ್ಮಲ್ಲಿ ದೊಡ್ಡವನು ಆಗ ಅವಳ ಹೊಟ್ಟೆಯಲ್ಲಿ ಏಳು ತಿಂಗಳು. "ಅಮ್ಮ, ಅಪ್ಪ ಫೋನ್ ಮಾಡಿದ್ರಾ?" ಅಂದಳು. ಇಡೀ ನಡುಮನೆ ಉಸಿರು ಬಿಗಿಹಿಡಿದು ಕೂತಿತ್ತು. "ಈಗ ತಾನೇ ಮಾಡಿದ್ರು, ಚೆನ್ನಾಗಿದಾರೆ, ನೀನು ಊಟ ಮಾಡಿ ಮಲಕ್ಕೊ" ಅಂದೆ. ರಿಸೀವರಿಟ್ಟು ತಿರುಗಿದಾಗ ಹಿನಕಲ್‌ನವಳು ಆಸೆಯಿಂದ, "ಯಾವಾಗಕ್ಕ ಮಾಡಿದ್ರು?" ಎಂದು ಕೇಳಿಬಿಟ್ಟಳು. ಅತ್ತೆ ಗದರಿದರು: "ಬಸುರಿ ಹುಡುಗಿಗೆ ಹೇಳಿದ್ದು ಕಣಮ್ಮ ಅದು, ನಿನಗಲ್ಲ."

ಮಾರನೆಯ ದಿನ ವಿಚಾರಿಸುವವರಿಗೆಂದು ಒಂದು ಸರ್ಕಾರಿ ಕಚೇರಿಯ ನಂಬರನ್ನು ಟಿವಿಯಲ್ಲಿ ಕೊಟ್ಟರು. ಮತ್ತೆ ಬೂತಿಗೆ ಹೋದೆ. ಹಿನಕಲ್‌ನವಳೂ ಹಿಂದೆಯೇ ಬಂದು ಗಾಜಿನ ಬಾಗಿಲಾಚೆ ನಿಂತಳು. ಕಚೇರಿಯವರು ಕನ್ನಡದಲ್ಲೇ ಮಾತಾಡಿದರು.

"ಕಾಣೆಯಾದೋರ ಹೆಸರು ಹೇಳಿಮ್ಮ."

"ನಮ್ಮ ಯಜಮಾನ್ರು."

"ಹೆಸರು?"

ಮದುವೆಯಾದ ದಿನದಿಂದ ನಾನು ಅವರ ಹೆಸರು ಹೇಳಿದವಳಲ್ಲ. ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ನನ್ನ ತಾಯಿ ಹೇಳಿಕೊಟ್ಟಿದ್ದಳು. ರೇಷನ್ ಕಾರ್ಡಿನವರು ಬಂದಾಗಲೂ ಪಕ್ಕದ ಮನೆಯವರಿಂದ ಹೇಳಿಸಿದ್ದೆ. ಈಗ ಸತ್ತವರನ್ನು ಹುಡುಕುವ ಪಟ್ಟಿಗೆ ನಾನೇ ಅದನ್ನು ಕೊಡಬೇಕು. ನಾಲಿಗೆ ಹೊರಳಲಿಲ್ಲ.

"ಹೇಳ್ಬುಡಕ್ಕ" ಎಂದರು ಬೂತಿನವರು. "ದೇವ್ರು ಅಷ್ಟು ಸಣ್ಣೋನಲ್ಲ."

ಹೇಳಿದೆ.

"ಕೇಳಿಸ್ಲಿಲ್ಲಮ್ಮ, ಜೋರಾಗಿ ಹೇಳಿ."

ಕಿರುಚಿದೆ. ರಸ್ತೆಯಲ್ಲಿ ಸೊಪ್ಪು ಮಾರುತ್ತಿದ್ದವಳು ತಿರುಗಿ ನೋಡುವಷ್ಟು ಜೋರಾಗಿ. ಕಚೇರಿಯವರು ಬರೆದುಕೊಂಡರು, ವಯಸ್ಸು ಕೇಳಿದರು, ಮೈಮೇಲೆ ಗುರುತೇನಿದೆ ಎಂದು ಕೇಳಿದರು. ಎದೆಯ ಮೇಲಿನ ಲಿಂಗದ ಕರಡಿಗೆ ಎಂದೆ. ಅದನ್ನು ಹೇಳಿದ ಮೇಲೆ ನಾನೇ ಅವರನ್ನು ನೀರಿಗೆ ಇಳಿಸಿ ಬಂದಂತೆ ಆಯಿತು. ಬೂತಿನಿಂದ ಮನೆಗೆ ಹೇಗೆ ನಡೆದು ಬಂದೆನೋ ನೆನಪಿಲ್ಲ.

ಮಧ್ಯಾಹ್ನ ಮನೆಯ ಫೋನು ಬಡಿದುಕೊಂಡಿತು. ನಡುಮನೆ ತುಂಬ ಜನ, ಯಾರೂ ಮುಟ್ಟಲಿಲ್ಲ. ನಾನೇ ಎತ್ತಿದೆ.

"ಹಲೋ, ನಾನು ಕಣೇ."

ನನ್ನ ಬಾಯಿಂದ ಸ್ವರ ಹೊರಡಲಿಲ್ಲ. ಬೆಳಿಗ್ಗೆ ಕಿರುಚಿದ ಗಂಟಲೇ ಅದು. ಅವರು ಹಲೋ ಹಲೋ ಅಂದು, ಲೈನು ಹೋಯಿತೆಂದುಕೊಂಡು ಇಟ್ಟುಬಿಟ್ಟರು. ಎಲ್ಲರೂ "ಯಾರು? ಯಾರು?" ಎಂದು ಎದ್ದು ನಿಂತರು. ನಾನು ತಲೆ ಅಲ್ಲಾಡಿಸಿದೆ. ಅದನ್ನು ಅವರು ಏನೆಂದು ತಿಳಿದರೋ, ಹಿನಕಲ್‌ನವಳು ಹೋ ಎಂದು ಅತ್ತುಬಿಟ್ಟಳು. ಫೋನು ಮತ್ತೆ ಬಡಿಯಿತು. ಈ ಸಲ ಅತ್ತೆ ಮಂಚದಿಂದಲೇ ಕೈ ಚಾಚಿ ಎಳೆದುಕೊಂಡರು.

"ಯಾರೋ ಅದು? ಮಗಾ! ಲೋ, ಎಲ್ ಸತ್ತಿದ್ಯೋ?"

ಆಮೇಲೆ ರಿಸೀವರು ಕೈಯಿಂದ ಕೈಗೆ ಹೋಯಿತು. ಗುಡ್ಡ ಕುಸಿದದ್ದು ಇವರ ಬಸ್ಸಿನ ಮುಂದೆಯೂ ಹಿಂದೆಯೂ ಅಂತೆ. ನಡುವೆ ಒಂದು ಚಹಾ ಅಂಗಡಿಯ ಹತ್ತಿರ ಸಿಕ್ಕಿಕೊಂಡಿದ್ದರು. ನದಿಗೆ ಬಿದ್ದದ್ದು ಬೇರೆ ಯಾವುದೋ ಊರಿನ ಬಸ್ಸು. ಮಣ್ಣು ತೆಗೆದು ರಸ್ತೆ ಬಿಡಿಸಿದ ಮೇಲೆ ಸಿಕ್ಕ ಮೊದಲ ಊರಿನ ಬೂತಿನಿಂದ ಕರೆ ಮಾಡಿದ್ದರು. ಹಿನಕಲ್‌ನವಳು ತನ್ನ ತಾಯಿಯ ದನಿ ಕೇಳಿ ನಗಲೂ ಆಗದೆ ಅಳಲೂ ಆಗದೆ ನೆಲದ ಮೇಲೆ ಕೂತಳು. ಕೊನೆಗೆ ರಿಸೀವರು ನನಗೆ ಬಂತು.

"ಫೋನ್ ಯಾಕೆ ಆಫ್ ಮಾಡಿದ್ರಿ?" ಎಂದೆ.

"ನಾನ್ ಮಾಡ್ಲಿಲ್ಲ ಕಣೇ. ಎಲ್ರೂ ಮಾತಾಡಿ ಮಾತಾಡಿ ಚಾರ್ಜ್ ಮುಗುದೋಯ್ತು. ಚಹಾ ಅಂಗಡೀಲಿ ಚಾರ್ಜ್ ಹಾಕಿ ಆನ್ ಮಾಡುದ್ರೆ ಪಿನ್ ಕೇಳ್ತು. ಹಾಕ್ದೆ. ತಪ್ಪು ಅಂತು. ಮತ್ತೆ ಹಾಕ್ದೆ. ಮೂರನೇ ಸಲಕ್ಕೆ ಸಿಮ್ಮೇ ಲಾಕ್ ಆಗೋಯ್ತು."

"ಯಾವ ಪಿನ್ ಹಾಕಿದ್ರಿ?"

"ಇನ್ಯಾವ್ದು? ನಮ್ಮನೇದು. ಕಾಗದದ ಮೇಲೆ ಬರೀತೀವಲ್ಲ, ಐದು ಏಳು ಸೊನ್ನೆ..."

ಊರಿನ ಪಿನ್ ಕೋಡು! ಆ ಸಿಮ್ಮಿಗೆ ಅದರದ್ದೇ ಒಂದು ಗುಟ್ಟಿನ ನಂಬರಿತ್ತಂತೆ. ಅದನ್ನು ಬರೆದ ಕವರನ್ನು ಇವರು ಕಠ್ಮಂಡುವಿನ ಲಾಡ್ಜಿನಲ್ಲೇ ಬಿಸಾಡಿ ಬಂದಿದ್ದರು. "ನಮ್ಮ ಬಸ್ಸಲ್ಲಿ ಮೇಷ್ಟ್ರೊಬ್ರು ಅವ್ರೆ. ಅವ್ರೂ ಅದೇ ಇರ್ಬೇಕು ಅಂದ್ರು ಕಣೇ" ಎಂದು ನಕ್ಕರು.

ಅದೇ ನಿಮ್ಮ ಮನೆಯ ನಗುವ ಕಥೆ. ಅಂದು ನಡುಮನೆಯಲ್ಲಿದ್ದವರೂ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನದಿಗೆ ಬಿದ್ದ ಆ ಇನ್ನೊಂದು ಬಸ್ಸಿನ ಬಗ್ಗೆ ಯೋಚಿಸುತ್ತಿದ್ದೆ. ಯಾವುದೋ ಊರಿನಲ್ಲಿ ಇಂಥದ್ದೇ ಒಂದು ನಡುಮನೆ, ಫೋನಿನ ಪಕ್ಕದಲ್ಲಿ ನನ್ನಂಥವಳು. ನಿನ್ನೆಯಿಂದ ನಾನು ದೇವರಲ್ಲಿ ಬೇಡಿಕೊಂಡದ್ದು ಅದು ನಮ್ಮ ಬಸ್ಸಾಗದಿರಲಿ ಎಂದು. ಅಂದರೆ ಅವಳದ್ದಾಗಲಿ ಎಂದಲ್ಲವೇ?

"ಎಲ್ರಿಗೂ ಉಪ್ಪಿಟ್ಟು ಮಾಡೇ, ನಿನ್ನೆಯಿಂದ ಯಾರೂ ಸರಿಯಾಗಿ ಉಂಡಿಲ್ಲ" ಎಂದು ಅತ್ತೆ ಕೂಗಿದರು. ಅಡುಗೆಮನೆಗೆ ಹೋದೆ. ಬಾಗಿಲು ಅರ್ಧ ಮುಚ್ಚಿಕೊಂಡು, ಆ ಮನೆಯಲ್ಲಿ ಅಷ್ಟು ವರ್ಷ ಅಡುಗೆ ಮಾಡಿದವಳು, ರವೆಯ ಡಬ್ಬ ಯಾವುದೆಂದು ತಿಳಿಯದೆ ಒಂದೊಂದೇ ಮುಚ್ಚಳ ತೆಗೆದು ನೋಡುತ್ತಿದ್ದೆ.