ಜೂನ್ ತಿಂಗಳಲ್ಲಿ ಗೀಸರ್ ಹಾಕಿದೆ

ನೀರು ಕೊಟ್ಟ ಕೈ ತಪ್ಪು ಮಾಡದು ಎಂಬಂಥ ಒಂದು ಸಾಲು ಅರ್ಧಂಬರ್ಧ ನೆನಪಿದೆ. ಅದು ನಿಜವೇ ಗೆಳೆಯರೇ?

ಮಸ್ಕತ್ತಿನ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರೇ ಮೈ ಸುಡುತ್ತದೆ. ಹಾಗಾಗಿ ನಾವೆಲ್ಲ ಗೀಸರ್ ಆರಿಸಿಬಿಡುತ್ತೇವೆ. ಮನೆಯೊಳಗೆ ಅದರಲ್ಲಿ ನಿಂತು ತಣಿದ ನೀರನ್ನು ಬಿಸಿನೀರಿನ ಕೆಂಪು ಗುರುತಿನ ನಲ್ಲಿಯಿಂದ ಹಿಡಿಯುತ್ತೇವೆ.

ಎಣ್ಣೆ ಬೆಲೆ ಕುಸಿದ ಮೇಲೆ ಎದುರು ಮನೆಯ ಲವೀನಾಳ ಗಂಡನ ಕೆಲಸ ಹೋಯಿತು. ಇವತ್ತು ಸಂಜೆ ಅವರು ಮಂಗಳೂರಿಗೆ ಹೊರಟಿದ್ದರು. ಅವರ ಮನೆಯ ನೀರು, ಕರೆಂಟು ಆಗಲೇ ನಿಂತಿತ್ತು.

"ಅಕ್ಕ, ಮಗುವಿಗೆ ಇಲ್ಲಿ ಸ್ನಾನ ಮಾಡಿಸ್ಲಾ?" ಎಂದು ಲವೀನಾ ಕೇಳಿದಳು.

ಉಪಚಾರ ಮಾಡಲು ಹೋಗಿ, ಅವಳಿಗೆ ಹೇಳದೆ ಗೀಸರ್ ಹಾಕಿಟ್ಟೆ. ಅವಳು ಎಲ್ಲರಂತೆ ಕೆಂಪು ನಲ್ಲಿಯನ್ನೇ ತಿರುಗಿಸಿದಳು. ಮಗು ಕಿರುಚಿಕೊಂಡಿತು. ನಾನು ಫ್ರಿಜ್ಜಿನ ನೀರು ಹಿಡಿದು ಓಡಿದೆ.

"ಬಿಸಿನೀರು ಕೊಡೋಣ ಅಂದ್ಕೊಂಡೆ ಕಣಮ್ಮ."

"ಜೂನಲ್ಲಿ ಬಿಸಿನೀರಾ ಅಕ್ಕ?"

ಪುಣ್ಯಕ್ಕೆ ಮಗುವಿನ ಬೆನ್ನಿನ ಕೆಂಪು ಬೇಗ ಇಳಿಯಿತು. ನಾನು ಮಾತ್ರ ತಲೆ ಎತ್ತಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಲವೀನಾ ಹೇಳಿದಳು:

"ಬೇಜಾರ್ ಮಾಡ್ಬೇಡಿ ಅಕ್ಕ, ಮಗು ನಗ್ತಾ ಉಂಟು. ಆದ್ರೆ ನೋಡಿ, ನಾಲ್ಕು ವರ್ಷ ಎದುರುಬದುರು ಇದ್ದು, ನಿಮ್ಮ ಮನೆಯೊಳಗೆ ನಾನು ಬಂದದ್ದು ಇವತ್ತೇ."