ಪೆಟ್ಟಿಗೆಯೊಳಗಿನ ಮಾದಣ್ಣ

ಗೆಳೆಯರೇ, ನನ್ನಿಂದಾಗಿ ಇವತ್ತು ಕೊಳತ್ತೂರಿನ ಬಸ್ಸಿನಡಿ ಒಂದು ಕುರಿಮಂದೆಯೇ ಸಿಲುಕುವುದರಲ್ಲಿತ್ತು.

ತಮಿಳುನಾಡಿನ ಈ ಸೀಮೆಯ ಕನ್ನಡವನ್ನು ಟೇಪಿನಲ್ಲಿ ಹಿಡಿದು ತರುವುದು ನನ್ನ ಕೆಲಸ. ನಮ್ಮ ಯೂನಿವರ್ಸಿಟಿಯ ಮೇಷ್ಟ್ರು ಅದನ್ನು ತೂತು ಕೊರೆದ ಕಾರ್ಡುಗಳಿಗೆ ಇಳಿಸಿ ಮದರಾಸಿನ ಕಂಪ್ಯೂಟರಿಗೆ ಉಣಿಸುತ್ತಾರಂತೆ. ಕುರಿ ಕಾಯುವ ಮಾದಣ್ಣ ಗಿಡಗಳ ಹೆಸರು, ಹುಲ್ಲಿನ ಹೆಸರು ಎಲ್ಲ ಹೇಳಿದ. ಮಂದೆಯನ್ನು ಕರೆಯುವ ಕೂಗನ್ನೂ ಕೂಗಿದ. ಕುರಿಗಳು ಬಂದವು. ಅವನ್ನು ಹೊಡೆದುಕೊಂಡು ರಸ್ತೆಯಾಚೆಯ ಹೊಲಕ್ಕೆ ಹೋದ. ನಾನು ಬಸ್ಸಿಗೆ ಕಾಯುತ್ತ, ಸರಿಯಾಗಿ ಬಿದ್ದಿದೆಯೇ ನೋಡೋಣವೆಂದು ಟೇಪು ಹಾಕಿದೆ.

ಆ ಕೂಗು ಬಂದದ್ದೇ ತಡ, ಮಂದೆಯೆಲ್ಲ ತಲೆಯೆತ್ತಿ ರಸ್ತೆಗೆ ನುಗ್ಗಿತು. ತಿರುವಿನಲ್ಲಿ ಬಸ್ಸು! ಮಾದಣ್ಣ ಅತ್ತ ಕೂಗಿದರೆ ಇತ್ತ ಪೆಟ್ಟಿಗೆಯಲ್ಲೂ ಅವನೇ ಕೂಗುತ್ತಿದ್ದ. ಗಾಬರಿಯಲ್ಲಿ ನನಗೆ ಗುಂಡಿಯೇ ಸಿಗಲಿಲ್ಲ. ಪುಣ್ಯಕ್ಕೆ ಡ್ರೈವರು ಬ್ರೇಕು ಹಾಕಿದ.

ಒಂದೂ ಸಾಯಲಿಲ್ಲ. ಓಡಿ ಬಂದ ಮಾದಣ್ಣ ಬಯ್ಯಲೂ ಇಲ್ಲ, ಬೆವರುತ್ತಿದ್ದ.

"ವೇಣಾಂ, ಬ್ಯಾಡ ಅಮ್ಮಣ್ಣಿ, ಅಳ್ಸಿಬಿಡು. ನಾಳೆ ಯಾವನಾದ್ರೂ ಕಳ್ಳ ಈ ಪೆಟ್ಟಿ ಇಡ್ಕೊಂಡ್ ಬಂದ್ರೆ, ನನ್ ಕುರಿಯೆಲ್ಲಾ ಅವ್ನ್ ಇಂದೆ ಓಯ್ತವೆ."

"ಆರಾಯ್ಚಿಗೆ ಬೇಕು ಅಣ್ಣಾ, ಸಂಶೋಧನೆಗೆ."

"ನಂಗೂ ಬೇಕಲ್ಲಮ್ಮಾ. ನನ್ತಾವ ಇರೋದೇ ಅದೊಂದು ಕೂಗು."

ಅಳಿಸಿದೆ. ಈಗ ಬೇರೆ ಹೆದರಿಕೆ. ಟೇಪಿನ ನಡುವೆ ಏಕೆ ಸದ್ದಿಲ್ಲ ಎಂದು ಮೇಷ್ಟ್ರು ಕೇಳಿದರೆ ಏನು ಹೇಳಲಿ? "ಇಷ್ಟು ದಿನ ತಂದದ್ದರಲ್ಲಿ ಕೇಳಿದವರಿಗೆಲ್ಲ ಅರ್ಥವಾದದ್ದು ಆ ಕುರಿ ಕರೆಯುವ ಕೂಗೊಂದೇ ಸಾರ್, ಅದಕ್ಕೇ ಅಳಿಸಬೇಕಾಯಿತು" ಎನ್ನಲೇ?