ಮನೆ ಮಾರಲು ಒಂದು ದಿನದ ಸಂಸಾರ

ವಿಚ್ಛೇದನವಾದ ಮೇಲೂ ಕೊಟ್ಟೂರಿನ ಮನೆ ನಮ್ಮಿಬ್ಬರ ಹೆಸರಿನಲ್ಲೇ ಉಳಿಯಿತು. ಮಾರಿ ಸಮನಾಗಿ ಹಂಚಿಕೊಳ್ಳುವುದು ಎಂದು ಒಪ್ಪಿದ್ದೆವು. ಗಂಡನಾಗಿದ್ದಾತ ಹರಪನಹಳ್ಳಿಯಲ್ಲಿ, ನಾನು ಹಡಗಲಿಯಲ್ಲಿ ಬಾಡಿಗೆಗಿದ್ದೆವು. ಸ್ವಂತ ಮನೆಗೆ ಬೀಗ. ನೋಡಲು ಬಂದವರೆಲ್ಲ ಗೋಡೆ ತಟ್ಟಿ, ನಲ್ಲಿ ತಿರುಗಿಸಿ, ಕೊನೆಗೆ "ಯಾಕ ಮಾರ್ತೀರಿ?" ಎನ್ನುತ್ತಿದ್ದರು. ಕಾರಣ ತಿಳಿದರೆ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಸಂಸಾರ ಮುರಿದ ಮನೆ ಯಾರಿಗೂ ಕೂಡಿಬರುವುದಿಲ್ಲವಂತೆ. ಜಗಳವಾಡಿದ್ದು ನಾವು, ಕೆಟ್ಟ ಹೆಸರು ಮನೆಗೆ!

ದಲ್ಲಾಳಿ ಉಪಾಯ ಹೇಳಿಕೊಟ್ಟ: "ಗಿರಾಕಿ ಬಂದಾಗ ಗಂಡ-ಹೆಂಡ್ತಿ ಹಂಗ ಇಬ್ಬರೂ ಇರ್ರಿ ಅಕ್ಕಾರ. ಬ್ಯಾರೆ ಊರಿಗೆ ವರ್ಗ ಆಗೈತಿ, ಅದಕ್ಕ ಮಾರ್ತೀವಿ ಅಂದ್ರ ಮುಗೀತು."

ಬಾಡಿಗೆ ಕೋಣೆಯ ಬಾಳು ಸಾಕುಸಾಕಾಗಿತ್ತು, ಒಪ್ಪಿಕೊಂಡೆ. ಬಸ್ ಸ್ಟ್ಯಾಂಡಿನ ಬಳೆ ಅಂಗಡಿಯಲ್ಲಿ ಕರಿಮಣಿ ಸರ ಕೊಂಡು, ಮಲ್ಲಿಗೆ ಮುಡಿದು ಹೋದೆ. ಆತನಿಗೆ ಯಾವ ವೇಷವೂ ಬೇಕಾಗಲಿಲ್ಲ. ಗಂಡಸು ಬಂದು ಕುರ್ಚಿಯಲ್ಲಿ ಕೂತರೆ ಸಾಕು, ಯಜಮಾನ.

ಬಂದವರು ಗುಡೇಕೋಟೆ ಕಡೆಯ ಒಬ್ಬ ಮುದುಕಿ, ಆಕೆಯ ಮಗ, ಹೊಸ ಸೊಸೆ. ಎಲ್ಲರಿಗೂ ನೀರು ಕೊಟ್ಟೆ, ಆತನಿಗೂ ಒಂದು ಲೋಟ. ಅಡುಗೆಮನೆ ತೋರಿಸುತ್ತ ಒಂದರ ಮೇಲೊಂದು ಸುಳ್ಳು ಹೇಳಿದೆ. ಮನೆ ಅವರಿಗೆ ಮನಸ್ಸಿಗೆ ಬಂತು. ಹಾಗೆ ಬಂದರೆ ಬಿಟ್ಟುಕೊಡುವ ಮನೆಯ ಹೆಣ್ಣಿಗೆ ಉಡಿ ತುಂಬುವುದು ಅವರ ಪದ್ಧತಿಯಂತೆ. ಮುದುಕಿ ಚೀಲದಿಂದ ಅಕ್ಕಿ, ಕಾಯಿ, ಕುಪ್ಪಸದ ಖಣ ತೆಗೆದಳು. ನಾನು ಸೆರಗೊಡ್ಡಿ ಕೂತೆ. ಸೊಸೆ ನಮ್ಮಿಬ್ಬರ ಕಾಲಿಗೂ ಎರಗಿ, "ನಿಮ್ಮಂಗ ಬಾಳೂವಂಗ ಹರಸ್ರಿ" ಎಂದಳು. ಆತ ಕಿಟಕಿಯ ಕಡೆ ತಿರುಗಿದ. ಹರಸಿದವಳು ನಾನೊಬ್ಬಳೇ, ನಾಲಿಗೆ ಕೂಡ ತಡವರಿಸಲಿಲ್ಲ.

ಆ ಹುಡುಗಿಯ ಮುಖ ಕಣ್ಣಿಗೆ ಕಟ್ಟಿಬಿಟ್ಟಿತು. ನಾಚಿಕೆಯಿಂದ ಊಟ ಸೇರಲಿಲ್ಲ. ಮರುದಿನ, ವ್ಯಾಪಾರ ಮುರಿದರೆ ಮುರಿಯಲಿ ಎಂದು ಮುದುಕಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ನಿನ್ನೆ ಅಲ್ಲೇ ಗೊತ್ತಾತವ್ವ" ಎಂದಳು. "ನೀ ನೀರು ಕೊಟ್ಟಾಗ ಆತ ನಿನಗ ಥ್ಯಾಂಕ್ಸ್ ಅಂದ. ಕಟ್ಟಿಕೊಂಡಾಕಿಗೆ ಯಾವ ಗಂಡ ಹಂಗ ಅಂತಾನ?"

"ಮತ್ತ ಉಡಿ ಯಾಕ ತುಂಬಿದ್ರಿ?"

"ಮನಿ ಬಿಟ್ಟು ಹೋಗೋ ಹೆಣ್ಮಗಳು ನೀನು. ಬರೀ ಉಡೀಲೆ ಕಳಸ್ಲೇನು?"

ಮನೆಯನ್ನು ಅವರೇ ಕೊಂಡರು. ಆ ದಿನ ಎಲ್ಲ ತಿಳಿದೇ ಆಕೆ ನನ್ನ ಉಡಿಗೆ ಅಕ್ಕಿ ಸುರಿಯುತ್ತಿದ್ದಳು. ಎದುರಿಗೆ ನಾನು ತುಂಬು ಮುತ್ತೈದೆಯ ಹಾಗೆ ತಲೆ ಬಾಗಿಸಿ ನಟಿಸುತ್ತಿದ್ದೆ. ಅದು ನೆನಪಾದರೆ, ಒಬ್ಬಳೇ ಇರುವ ಈ ಕೋಣೆಯಲ್ಲೂ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತೇನೆ.